ಕೊಂಡಿಯ ಹಿಂದಿನ ಅಕ್ಷತೆಕಾಳು

ನಮ್ಮ ಮನೆಯಲ್ಲಿ ಕಾಡಿಗೆಯ ಡಬ್ಬಿ ಎರಡಿದ್ದವು. ಒಂದು ಕಣ್ಣಿಗೆ, ಇನ್ನೊಂದು ಬಂದೂಕಿಗೆ. ಎರಡನ್ನೂ ಮಾಡುತ್ತಿದ್ದವಳು ಅವ್ವನೇ. ಅಡುಗೆಮನೆಯ ಮೂಲೆಯಲ್ಲಿ ಔಡಲೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆಯ ತಾಟು ಬೋರಲು ಹಾಕಿ, ಸಂಜೆಯ ಹೊತ್ತಿಗೆ ಅದರಲ್ಲಿ ಕೂತ ಮಸಿಯನ್ನು ಬೆರಳಿನಿಂದ ಬಳಿದು ತೆಗೆಯುತ್ತಿದ್ದಳು. ಅರ್ಧಕ್ಕೆ ತುಪ್ಪ ಕಲಸಿದರೆ ಅದು ನನ್ನ ಕಣ್ಣಿಗೆ. ಉಳಿದರ್ಧಕ್ಕೆ ಹೊಲಿಗೆ ಮಷಿನ್ನಿನ ಎಣ್ಣೆ ನಾಲ್ಕು ಹನಿ ಬಿಟ್ಟರೆ ಅದು ಅಪ್ಪನ ಕೆಲಸಕ್ಕೆ. ಒಮ್ಮೆ ಅವಸರದಲ್ಲಿ ಡಬ್ಬಿ ತಪ್ಪಿ, ಬಂದೂಕಿನ ಕಾಡಿಗೆ ಹಚ್ಚಿಕೊಂಡು ಸಾಲಿಗೆ ಹೋಗಿದ್ದೆ. ಪ್ರಾರ್ಥನೆ ಮುಗಿಯುವುದರೊಳಗೆ ಕಣ್ಣಲ್ಲಿ ಧಾರಾಕಾರ ನೀರು. ಮನೆಯಲ್ಲಿ ಯಾರಾದರೂ ತೀರಿಕೊಂಡರೇನೋ ಎಂದು ಪಾಠ ಹೇಳುವ ಬಾಯಾರು ನನ್ನನ್ನು ತಬ್ಬಿಕೊಂಡು ಸಮಾಧಾನ ಮಾಡಿದರು. ನಾನೂ ಸುಮ್ಮನೆ ಸಮಾಧಾನ ಮಾಡಿಸಿಕೊಂಡೆ, ನಿಜ ಹೇಳಿ ನಗೆಪಾಟಲಾಗುವುದಕ್ಕಿಂತ ಅದೇ ವಾಸಿ ಅನ್ನಿಸಿತ್ತು. ನಿಜ ಹೇಳುವುದರಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ನಿಧಾನವೇ.

ಮನೆ ಇದ್ದದ್ದು ಚಿಕ್ಕೋಡಿ ಪೇಟೆಯಿಂದ ಎರಡು ಓಣಿ ಒಳಗೆ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ರೈಲಿನ ಡಬ್ಬಿಗಳಂತೆ ಒಂದರ ಬೆನ್ನಿಗೆ ಒಂದು. ಪಡಸಾಲೆ ಹೆಸರಿಗೆ ಎಲ್ಲರದು, ಆಳುತ್ತಿದ್ದುದು ಅಪ್ಪನ ಬೆಂಚು. ಅಪ್ಪ ಫೌಜಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ಪೆನ್ಶನ್ ಆಗಿ ಬಂದಮೇಲೆ ಲೈಸೆನ್ಸು ಮಾಡಿಸಿ ಅದೇ ಕೆಲಸವನ್ನು ಮನೆಯಲ್ಲಿ ಹೂಡಿದ. ಇಷ್ಟು ವರ್ಷ ಫೌಜಿನಲ್ಲಿದ್ದು ಒಂದು ನಾಯಿಯನ್ನೂ ಹೆದರಿಸದೆ ಬಂದ ಸಿಪಾಯಿ ಎಂದು ಆಯಿ, ಅಂದರೆ ಅಪ್ಪನ ಅವ್ವ, ಆಡಿಕೊಳ್ಳುತ್ತಿದ್ದಳು. ರಾಯಬಾಗ, ಕಾಗವಾಡ, ಅಥಣಿಯ ಕಬ್ಬಿನ ಹೊಲದವರು ಹಂದಿ ಹೆದರಿಸುವ ಬಂದೂಕು ತರುತ್ತಿದ್ದರು. ನಿಪ್ಪಾಣಿಯ ತಂಬಾಕಿನ ವಖಾರಿಯ ಕಾವಲುಗಾರರು ಬರುತ್ತಿದ್ದರು. ಮದ್ದು ತುಂಬಿದ ತೋಟಾ ಹೊಸ್ತಿಲು ದಾಟುವಂತಿರಲಿಲ್ಲ, ಅದು ಅಪ್ಪನ ಕಾಯಿದೆ. ಬರೀ ಖಾಲಿ ತೋಟಾಗಳಿದ್ದವು, ಅವೇ ನನ್ನ ಆಟದ ಅಡುಗೆಮನೆಯ ತಂಬಿಗೆ, ಲೋಟ. ಅಪ್ಪನಿಗೂ ಅವ್ವನಿಗೂ ಜಗಳವಾದರೆ ಅದು ಅರಿವೆಯ ಮೇಲೆ. ನಳಿಗೆಯ ಒಳಮೈ ಒರೆಸಲು ಮೆತ್ತನೆಯ ಅರಿವೆ ಬೇಕು. ಅದಕ್ಕೆ ಅವ್ವನ ಹಳೇ ಸೀರೆಗಿಂತ ಒಳ್ಳೆಯದು ಭೂಮಿಯ ಮೇಲಿಲ್ಲ ಎಂದು ಅಪ್ಪನ ನಂಬಿಕೆ.

"ಇನ್ನೂ ಎರಡ ವರ್ಷ ಉಡ್ತಿದ್ದೆ ನಾ ಅದನ್ನ. ಕೇಳಬಾರದೇನ್ರಿ ಒಂದ ಮಾತು?"

"ಹರದದ್ದು ಹರೀತು. ಈಗ ಬಂದೂಕ ಉಟ್ಟಗೊಂಡೈತಿ, ಬಿಡು."

ಅವ್ವ ಸಿಟ್ಟಿನಿಂದ ರೊಟ್ಟಿ ಬಡಿಯುವ ಸದ್ದು ಪಡಸಾಲೆಯವರೆಗೆ ಕೇಳುತ್ತಿತ್ತು. ಹಾಗೆ ಬಡಿದ ರೊಟ್ಟಿ ತೆಳ್ಳಗೆ, ಮೆತ್ತಗೆ ಇರುತ್ತಿತ್ತು. ಜಗಳವಾದ ದಿನ ನಮ್ಮ ಊಟ ಚೆನ್ನಾಗಿ ಆಗುತ್ತಿದ್ದುದಕ್ಕೆ ನಾನು ಇಂದಿಗೂ ಇಬ್ಬರಿಗೂ ಋಣಿ.

ಅಪ್ಪನಿಗೆ ಪ್ರೀತಿ ಇದ್ದದ್ದು ಹಳೇ ಲಷ್ಕರಿ ರೈಫಲ್ಲುಗಳ ಮೇಲೆ, ನಳಿಗೆಯ ಹಿಂಬಾಯಿಗೆ ಅಗುಳಿಯಂತಿರುವ ಬೋಲ್ಟನ್ನು ಕೈಯಿಂದ ಹಿಂದೆ ಎಳೆದು ಮುಂದೆ ದೂಡಿ ತಿರುಗಿಸಿ ಮುಚ್ಚುವಂಥವು. ಅವುಗಳ ನಳಿಗೆ ಸವೆದರೆ ಹೊಸದು ಹಾಕಬೇಕು. ಹಾಕುವುದೆಂದರೆ ಬಾಟಲಿಗೆ ಮುಚ್ಚಳ ತಿರುಗಿಸಿದಂತಲ್ಲ. ನಳಿಗೆ ಆಟಿಯ, ಅಂದರೆ ತಿರುಪಿನ ಸುತ್ತುಗೆರೆಯ, ಮೇಲೆ ತಿರುಗುತ್ತ ಹೋಗಿ ಸರಿಯಾದ ಜಾಗದಲ್ಲೇ ಬಿಗಿಯಾಗಿ ನಿಲ್ಲಬೇಕು. ಯಾಕೆಂದರೆ ಅದರ ಹಿಂಬಾಯಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಬೋಲ್ಟಿನ ತುದಿಯಲ್ಲಿ ಒಂದು ಉಗುರಿನಂಥ ಕೊಂಡಿ ಇರುತ್ತದೆ, ಖಾಲಿ ತೋಟಾವನ್ನು ಹಿಡಿದು ಹೊರಗೆ ಎಳೆಯುವುದು ಅದೇ. ಬೋಲ್ಟು ಮುಚ್ಚಿದಾಗ ಈ ಕೊಂಡಿ ಆ ಕಚ್ಚಿನಲ್ಲಿ ಹೋಗಿ ಕೂರಬೇಕು. ಕೂತರೂ ಕಚ್ಚಿಗೆ ತಾಗಬಾರದು. ತಾಗಿದರೆ ಬೋಲ್ಟು ಪೂರ್ತಿ ಮುಚ್ಚದು, ಇಲ್ಲವೇ ಕೊಂಡಿ ಮುರಿದೀತು. ಕಚ್ಚು ಹೆಚ್ಚು ಆಳವಾದರೆ ತೋಟಾದ ಬೆನ್ನಿಗೆ ಆಸರೆ ತಪ್ಪುತ್ತದೆ. ತೋಟಾ ಸೀಳಿಹೋದರೆ ಬಿಸಿ ಹೊಗೆ ನೇರ ಹೊಡೆಯುವವನ ಕಣ್ಣಿಗೆ. ಆದ್ದರಿಂದ ನಡುವೆ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದದಷ್ಟು ಸಂದು ಉಳಿಯಬೇಕು, ಅಷ್ಟೇ. ಅಪ್ಪ ಕೊಂಡಿಯ ತುದಿಗೆ ಅವ್ವನ ಕಾಡಿಗೆ ಸವರಿ ಬೋಲ್ಟು ಮುಚ್ಚಿ ತೆಗೆಯುತ್ತಿದ್ದ. ಕಚ್ಚಿನಲ್ಲಿ ಕಪ್ಪು ಮೂಡಿದರೆ ಅಲ್ಲಿ ತಾಗುತ್ತಿದೆ ಎಂದರ್ಥ. ಅಷ್ಟನ್ನು ಮಾತ್ರ ಕಾನಸಿನಿಂದ, ಅಂದರೆ ಸಣ್ಣ ಅರದಿಂದ, ತಿಕ್ಕಿ ತೆಗೆದು, ಮತ್ತೆ ಕಾಡಿಗೆ, ಮತ್ತೆ ನೋಟ.

"ಹೊಸಾ ಸೊಸಿ ಅತ್ತಿ ಮಗ್ಗಲಕ ಕುಂತಂಗ ಕುಂದ್ರಬೇಕ ನೋಡ ಅಕ್ಕವ್ವಾ," ಎನ್ನುತ್ತಿದ್ದ ನನಗೆ. "ಮೈಗೆ ಮೈ ತಾಗಬಾರ್ದು. ದೂರ ಕುಂತಾಳ ಅಂತನೂ ಅನಸಬಾರ್ದು."

ಒಳಗಿನಿಂದ ಅವ್ವ, ಆಯಿ ಇಬ್ಬರೂ ಒಮ್ಮೆಲೇ ಕೆಮ್ಮುತ್ತಿದ್ದರು.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ನಿಪ್ಪಾಣಿಯ ಒಬ್ಬ ಸುಬೇದಾರರು ನಳಿಗೆ ಸವೆದ ತಮ್ಮ ರೈಫಲ್ಲು ತಂದರು. ಅವರೂ ಪೆನ್ಶನ್ ಆದವರು, ಬಿಳಿ ಮೀಸೆ, ಮಾತು ಅರ್ಧ ಮರಾಠಿ ಅರ್ಧ ಕನ್ನಡ. ದೀಪಾವಳಿಯ ನಂತರ ಒಂದು ವಖಾರಿಯ ಕಾವಲಿಗೆ ಸೇರುವವರಿದ್ದರು, ಬಂದೂಕು ತಾವೇ ತರಬೇಕಿತ್ತು. ಲೈಸೆನ್ಸಿಗೆ ಒಪ್ಪುವ ಹೊಸ ನಳಿಗೆ ಬೇಕೆಂದು ಅಪ್ಪ ಕಾಗದ ಬರೆದು, ನಳಿಗೆ ಬರುವುದಕ್ಕೆ ಬೇಸಿಗೆ ಕಳೆದು ಮಳೆಗಾಲವೂ ಕಳೆಯಿತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಬೇರೊಂದು ಸಂಗತಿ ನಡೆದಿತ್ತು. ಅಪ್ಪನ ಬಲಗಣ್ಣಿಗೆ ಪೊರೆ ಬರುತ್ತಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಾದದ್ದು, ಕಿಟಕಿಯ ಹತ್ತಿರ ಹಿಡಿದು ನೋಡುತ್ತಿದ್ದ ಸಾಮಾನುಗಳನ್ನು ಅವನು ಈಗ ಕಿಟಕಿಯಿಂದ ಹೊರಗೇ ಚಾಚಿ ನೋಡತೊಡಗಿದ್ದರಿಂದ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗುಟ್ಟು ಬಯಲಾಯಿತು. ತಾಟಿನಲ್ಲಿ ಝುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ. ಅಪ್ಪ ಚಟ್ನಿ ಎಂದು ಉಪ್ಪಿನಲ್ಲಿ ರೊಟ್ಟಿ ಅದ್ದಿದ. ಅವ್ವ ನೋಡಿದಳು, ಆಯಿ ನೋಡಿದಳು.

"ಮಿರಜಿನ ದವಾಖಾನಿಗೆ ಹೋಗಿ ಕಣ್ಣ ತೋರಸ್ಕೊಂಡ ಬರ್ರಿ," ಎಂದಳು ಅವ್ವ.

"ಸುಬೇದಾರಂದು ಮುಗೀಲಿ. ಅದೊಂದ ನೆಟ್ಟಗ ಕುಂತರ ಕೈಯಾಗ ಇನ್ನೂ ಕೆಲಸ ಐತಿ ಅಂತ ತಿಳ್ಕೋತೀನಿ. ಕುಂದ್ರಲಿಲ್ಲ ಅಂದ್ರ ಲೈಸೆನ್ಸ್ ತಿರುಗಿ ಕೊಟ್ಟ ಸುಮ್ಮ ಕುಂದ್ರತೀನಿ. ಅಂದಾಜಿನ ಮ್ಯಾಲ ಮಾಡೂ ಕೆಲಸಲ್ಲ ಇದು. ಇನ್ನೊಬ್ಬರ ಕಣ್ಣ ಹೋಗ್ತಾವ."

ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಅಪ್ಪ ಬೆಂಚಿಲ್ಲದೆ ಹೇಗಿರುತ್ತಾನೆ ಎಂದು ಊಹಿಸಲು ನೋಡಿದೆ, ಆಗಲಿಲ್ಲ. ಅವನು ಕೆಲಸವಿಲ್ಲದ ಭಾನುವಾರಗಳಲ್ಲೇ ಅವ್ವನ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ಸರಿಯಾಗಿ ಕೂರುತ್ತವೋ ಇಲ್ಲವೋ ಎಂದು ತಪಾಸಣೆ ಮಾಡಿ ಬೈಸಿಕೊಳ್ಳುತ್ತಿದ್ದ. ಅವತ್ತಿನಿಂದ ನನಗೆ ಊರ ದೇವರೆಲ್ಲ ಒಂದೇ ಕೆಲಸಕ್ಕೆ ಬೇಕಾದರು: ಆ ಕೊಂಡಿ ನೆಟ್ಟಗೆ ಕೂರಬೇಕು.

ಖಂಡೇನವಮಿಗೆ ಎರಡು ದಿನವಿದ್ದಾಗ ನಳಿಗೆ ಬಿಗಿಯಾಗಿ ತನ್ನ ಜಾಗದಲ್ಲಿ ನಿಂತಿತು. ಕಚ್ಚೂ ಬಹುತೇಕ ತಯಾರಾಯಿತು. ಕೊನೆಯ ನೋಟ ಒಂದು ಉಳಿದಿತ್ತು. ಆದರೆ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಕಬ್ಬಿಣಕ್ಕೆ ಸೂಟಿ. ಹತಾರಗಳನ್ನೆಲ್ಲ ತೊಳೆದು ಕಂಬಳಿಯ ಮೇಲೆ ಜೋಡಿಸಿ ಪೂಜೆ ಮಾಡಿದರೆ, ಮರುದಿನ ದಸರೆಗೆ ಬನ್ನಿ ಹಂಚಿ ಬರುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಆಯಿಯ ಮಡಿ ಎಷ್ಟೆಂದರೆ ಅಡುಗೆಮನೆಯ ಈಳಿಗೆಗೂ ಅವತ್ತು ಪೂಜೆ, ಅದಕ್ಕೂ ಸೂಟಿ. ಮೆಣಸಿನಕಾಯಿ ಕೈಯಿಂದ ಮುರಿಯಬೇಕು, ಕೊತ್ತಂಬರಿ ಕೈಯಿಂದ ಹರಿಯಬೇಕು. ಕಂಬಳಿಯ ಮೇಲೆ ವೈಸು, ಕಾನಸುಗಳು, ಸುತ್ತಿಗೆ, ನಡುವೆ ಸುಬೇದಾರರ ರೈಫಲ್ಲು, ಅದರ ಮಗ್ಗುಲಿಗೆ ಬಿಚ್ಚಿಟ್ಟ ಬೋಲ್ಟು. ಎಲ್ಲಕ್ಕೂ ವಿಭೂತಿಯ ಮೂರು ಗೆರೆ, ಕುಂಕುಮ, ಚೆಂಡು ಹೂವು. ಅಡುಗೆಮನೆಯಿಂದ ಹೋಳಿಗೆಯ ವಾಸನೆ, ಪಡಸಾಲೆಯಲ್ಲಿ ಲೋಬಾನದ ಹೊಗೆ, ಎರಡರ ಕೆಳಗೆ ಎಂದಿನಂತೆ ಬಂದೂಕಿನ ಎಣ್ಣೆಯ ವಾಸನೆ. ಈ ಮೂರೂ ಕೂಡಿದ ವಾಸನೆ ನನಗೆ ಆಮೇಲೆ ಜಗತ್ತಿನಲ್ಲಿ ಎಲ್ಲೂ ಸಿಕ್ಕಿಲ್ಲ. ಅಕ್ಷತೆ ಹಾಕುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು. ಆಯಿ ಅರಿಸಿನ ಹಚ್ಚಿದ ಅಕ್ಕಿಯ ಬಟ್ಟಲು ಕೈಗಿಟ್ಟು ಹೇಳಿದಳು:

"ಎಲ್ಲಾದಕೂ ಮುಟ್ಟಂಗ ಹಾಕವ್ವಾ. ಅಕ್ಷತಿ ಮುಟ್ಟದಲ್ಲಿ ಪೂಜಿ ಮುಟ್ಟೂದಿಲ್ಲ."

ಆಯಿ ಹೇಳಿದ್ದು ಕೈ ಬಿಗಿ ಹಿಡಿಯಬೇಡ ಎಂಬ ಅರ್ಥದಲ್ಲಿ. ನಾನು ತಿಳಿದದ್ದು ಬೇರೆ. ಎಲ್ಲರೂ ಆರತಿಯ ಕಡೆ ನೋಡುತ್ತಿದ್ದಾಗ ನಾನು ಬೋಲ್ಟಿನ ತುದಿಯ ಕೊಂಡಿಯನ್ನು ಉಗುರಿನಿಂದ ಎತ್ತಿ, ಅದರ ಹಿಂದಿನ ಸಂದಿನಲ್ಲಿ ಅರ್ಧ ಮುರಿದ ಒಂದು ಅಕ್ಕಿಕಾಳು ತೂರಿಸಿದೆ. ಅಪ್ಪನ ಚಿಂತೆ ಇದ್ದದ್ದು ಅಲ್ಲಿಯೇ ತಾನೇ? ಪೂಜೆ ಅಲ್ಲಿಗೇ ಮುಟ್ಟಲಿ ಎಂದು. ಕೊಂಡಿ ಟಿಕ್ ಎಂದು ಮತ್ತೆ ಕೂತಿತು. ದೇವರಿಗೇ ಗುಟ್ಟಾಗಿ ಚೀಟಿ ಕೊಟ್ಟು ಬಂದಷ್ಟು ಸಮಾಧಾನದಿಂದ ನಾನು ಆ ದಿನ ನಾಲ್ಕು ಹೋಳಿಗೆ ತಿಂದೆ.

ದಸರೆಯ ಮರುದಿನ ಅಪ್ಪ ಕೆಲಸಕ್ಕೆ ಕೂತ. ಮೇಲಿನ ವಿಭೂತಿ, ಕುಂಕುಮ ಒರೆಸಿದ. ಕೊಂಡಿಗೆ ಕಾಡಿಗೆ ಸವರಿ ಬೋಲ್ಟು ಮುಚ್ಚಿದ. ಮುಚ್ಚುವಾಗಲೇ ಕೈಗೆ ತಡೆ ಸಿಕ್ಕು ಅವನ ಮುಖ ಗಂಟಾಯಿತು, ತೆಗೆದರೆ ಕಚ್ಚಿನಲ್ಲಿ ದಟ್ಟ ಕಪ್ಪು. ಹಬ್ಬಕ್ಕೆ ಮುಂಚೆ ಬೆಳ್ಳಿ ಕಾಗದ ಸಲೀಸಾಗಿ ಆಡುತ್ತಿದ್ದ ಜಾಗ. ಅಪ್ಪ ಕಾನಸು ಎತ್ತಿಕೊಂಡು ಕೂದಲೆಳೆಯಷ್ಟು ತಿಕ್ಕಿದ. ಮತ್ತೆ ಕಪ್ಪು, ಮತ್ತೆ ತಿಕ್ಕಿದ. ನಾನು ಸಾಲಿಯಿಂದ ಬರುವ ಹೊತ್ತಿಗೆ ಕಪ್ಪು ಮೂಡುವುದು ನಿಂತಿತ್ತು, ಅಪ್ಪನ ಹಣೆಯಲ್ಲಿ ಬೆವರು ನಿಂತಿತ್ತು. ಬೋಲ್ಟನ್ನು ಚಿಮಣಿ ಎಣ್ಣೆಯ ತಗಡಿನ ಡಬ್ಬಿಯಲ್ಲಿ ಅಲ್ಲಾಡಿಸಿ ತೊಳೆದು, ಒರೆಸಿ, ಕೊನೆಯದಾಗಿ ಬೆಳ್ಳಿ ಕಾಗದ ಇಟ್ಟು ನೋಡಿದ. ಒಂದು ಪದರ ಹಾಕಿದ, ಎರಡು ಹಾಕಿದ. ನಾಲ್ಕು ಪದರ ಮಡಿಚಿ ಇಟ್ಟರೂ ಕೊಂಡಿ ಅದಕ್ಕೆ ಮುಟ್ಟಲಿಲ್ಲ. ಕಚ್ಚು ಆಳವಾಗಿಹೋಗಿತ್ತು. ಅಪ್ಪ ಬೋಲ್ಟನ್ನು ಬೆಂಚಿನ ಮೇಲಿಟ್ಟು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಕೂತ.

"ಮುಗೀತು," ಎಂದ, ಒಳಗಿನಿಂದ ಬಂದ ಅವ್ವನಿಗೆ. "ಇಲ್ಲದ ಕಪ್ಪ ಕಂಡೀನಿ ನಾ. ಕಡದ ಕಬ್ಬಣಾ ತಿರುಗಿ ಬರೂದಿಲ್ಲ."

ಎಣ್ಣೆಯ ಡಬ್ಬಿ ಚೆಲ್ಲಿ ಬರಲು ನಾನು ಹಿತ್ತಲಿಗೆ ಹೋದೆ. ಬಗ್ಗಿಸಿದಾಗ ತಳದಲ್ಲಿ, ಕಪ್ಪು ಕೆಸರಿನ ನಡುವೆ, ಅರ್ಧ ಮುರಿದ ಹಳದಿ ಕಾಳು ಕಂಡಿತು. ನೋಡುತ್ತಿದ್ದಂತೆ ನನಗೆಲ್ಲ ತಿಳಿಯಿತು. ಕಾಳು ಹಿಂದಿನಿಂದ ದೂಡಿದ್ದಕ್ಕೆ ಕೊಂಡಿ ಹೊರಗೆ ಚಾಚಿತ್ತು. ಅಪ್ಪ ಕಂಡ ಕಪ್ಪು ನಿಜವಾದ ಕಪ್ಪೇ. ತೊಳೆದಾಗ ಕಾಳು ಬಿದ್ದು, ಕೊಂಡಿ ತನ್ನ ಜಾಗಕ್ಕೆ ಹಿಂದೆ ಸರಿದಿತ್ತು. ನಾನು ಆ ಕಾಳನ್ನು ಲಂಗದ ತುದಿಗೆ ಕಟ್ಟಿಕೊಂಡೆ, ಆದರೆ ಬಾಯಿ ಬಿಡಲಿಲ್ಲ. ಹೊಡೆತಕ್ಕೆ ಹೆದರಿ ಅಲ್ಲ, ಅಪ್ಪ ನನ್ನನ್ನು ಎಂದೂ ಹೊಡೆದವನಲ್ಲ. ಇನ್ನು ಮುಂದೆ ಬೆಂಚಿನ ಹತ್ತಿರ ಬರಬೇಡ ಎಂದರೆ ಏನು ಮಾಡಲಿ ಎಂಬ ಹೆದರಿಕೆ. ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನ ಅಪ್ಪ ಒಂದೊಂದೇ ಹತಾರಕ್ಕೆ ಎಣ್ಣೆ ಸವರಿ, ಅವ್ವನ ಸೀರೆಯ ತುಂಡಿನಲ್ಲಿ ಸುತ್ತಿ, ಫೌಜಿನ ಟ್ರಂಕಿನಲ್ಲಿ ಇಡುತ್ತಿದ್ದ. ಅರಿವೆ ಹರಿದದ್ದಕ್ಕೆ ಅವ್ವ ಒಂದು ಮಾತೂ ಆಡಲಿಲ್ಲ. ಜಗಳವಿಲ್ಲದ ಆ ಮೂರು ದಿನದ ರೊಟ್ಟಿ ದಪ್ಪಗೆ, ಹಸಿಹಸಿಯಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಸುಬೇದಾರರು ಬಂದರು. ಬಾಗಿಲಲ್ಲೇ ಎಂದಿನ ಗದ್ದಲ.

"ಕಾಯ್ ಮಿಸ್ತ್ರಿ, ಝಾಲಂ ಕಾ? ನನ್ನ ಬಂದೂಕ ತಯಾರ ಆತಿಲ್ಲೋ?"

ಅಪ್ಪ ಎದ್ದು ನಿಂತ. ಫೌಜಿನವನ ಹಾಗೆ, ಕೈ ಎರಡೂ ಮಗ್ಗುಲಿಗೆ.

"ನಾ ಕೆಡಿಸೀನ್ರಿ ಸಾಹೇಬ್ರ. ಕಣ್ಣ ಮೋಸಾ ಮಾಡಿದ್ವು. ನೀವು ಬ್ಯಾರೆ ಕಡೆ ಒಯ್ರಿ. ನಾ ಇನ್ನ ಈ ಕೆಲಸಾ ಮಾಡಾಂವಲ್ಲ."

ನಡುಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅಪ್ಪನ ಆ ನಿಲುವು ನೋಡಲಾಗಲಿಲ್ಲ. ಲಂಗದ ಗಂಟು ಬಿಚ್ಚುತ್ತ ಹೋಗಿ ಅವನ ಮುಂದೆ ಅಂಗೈ ಚಾಚಿದೆ.

"ಯಪ್ಪಾ, ಕೊಂಡಿ ಹಿಂದ ಇದನ್ನ ನಾ ಇಟ್ಟಿದ್ನಿ. ಪೂಜಿ ದಿನಾ. ಎಣ್ಣಿ ಡಬ್ಬ್ಯಾಗ ಬಿದ್ದಿತ್ತು."

ಆಯಿ ಒಳಗಿನಿಂದ "ಶಿವನ" ಎಂದಳು. ಅಪ್ಪ ಕಾಳನ್ನು ಎತ್ತಿಕೊಂಡು ಕಿಟಕಿಯ ಹೊರಗೆ ಕೈ ಚಾಚಿ ನೋಡಿದ. ಆಮೇಲೆ ಬೋಲ್ಟು ತೆಗೆದುಕೊಂಡು, ಕೊಂಡಿಯನ್ನು ಎತ್ತಿ, ಅದೇ ಕಾಳನ್ನು ಅದೇ ಜಾಗದಲ್ಲಿ ಇಟ್ಟ. ನಾಲ್ಕು ಪದರದ ಬೆಳ್ಳಿ ಕಾಗದ ಇಟ್ಟು ಬೋಲ್ಟು ಮುಚ್ಚಿ ತೆಗೆದ. ಕಾಗದದ ಮೇಲೆ ಕೊಂಡಿಯ ಗುರುತು ಒತ್ತಿ ಮೂಡಿತ್ತು. ಕಾಳು ತೆಗೆದು ಮತ್ತೆ ಮುಚ್ಚಿ ನೋಡಿದ, ಹೊಸ ಗುರುತಿಲ್ಲ. ಹೀಗೆ ಮೂರು ಸಲ ಮಾಡಿದ. ನಾನು ಅಳಲು ತಯಾರಾಗಿ ನಿಂತಿದ್ದೆ. ಆದರೆ ಅಪ್ಪನ ಮುಖದ ಮೇಲೆ ನಿಧಾನವಾಗಿ ಬರುತ್ತಿದ್ದದ್ದು ಸಿಟ್ಟಲ್ಲ. ನಗೆ.

"ಕೈ ಸುಳ್ಳ ಹೇಳಿಲ್ಲ," ಎಂದ ಅವ್ವನ ಕಡೆ ತಿರುಗಿ. "ಏ, ಕೇಳಿಲ್ಲಿ! ತಾಗಾಕತ್ತೈತಿ ಅಂತ ಕೈ ಹೇಳ್ತು, ಖರೇನ ತಾಗಾಕತ್ತಿತ್ತು!"

ಆಮೇಲೆ ಸುಬೇದಾರರಿಗೆ ಕೈ ಮುಗಿದ.

"ಆದರೂ ತಪ್ಪ ನಂದರಿ. ಪೂಜಿ ಮುಗದ ಮ್ಯಾಲ ಬಿಚ್ಚಿ ಒರಸದ ಅಳತಿ ನೋಡಿದಾಂವ ನಾನು. ಹುಡುಗಿ ದೇವರ ಕೆಲಸಾ ಮಾಡ್ಯಾಳ, ನಾ ನನ್ನ ಕೆಲಸಾ ಮಾಡಿಲ್ಲ."

ಸುಬೇದಾರರು ಮೀಸೆ ಸವರಿಕೊಂಡು ನನ್ನನ್ನೊಮ್ಮೆ, ಕಾಳನ್ನೊಮ್ಮೆ ನೋಡಿದರು. ಅವರ ಕಾವಲಿನ ಕೆಲಸ ಕಾಯುತ್ತಿತ್ತು, ಬೈಯಲು ಅವರಿಗೆ ಹಕ್ಕಿತ್ತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕಟ್ಟೆಯ ಮೇಲೆ ಕೂತರು.

"ಮಿಸ್ತ್ರಿ, ಖಂಡೇನವಮಿ ಪೂಜಿ ನಮ್ಮ ಮನ್ಯಾಗೂ ಆಗ್ತೈತಿ. ಆದರ ಇಷ್ಟ ಒಳಗಿನ ತನಕಾ ಮುಟ್ಟಿಲ್ಲ ಬಿಡ. ಹೇಳ, ಇದಕ್ಕ ಏನರ ಇಲಾಜ್ ಐತೇನ?"

ಇಲಾಜು ಇತ್ತು. ಕೈಯ ಮೇಲೆ ನಂಬಿಕೆ ಹೋದ ಮೂರು ದಿನ ಅಪ್ಪನಿಗೆ ಅದು ಹೊಳೆದೇ ಇರಲಿಲ್ಲ. ನಳಿಗೆಯ ಹಿಂಬಾಯಿಯನ್ನು ಲೇಥಿನ ಮೇಲೆ ಒಂದು ಆಟಿಯಷ್ಟು ಕಡಿದು, ನಳಿಗೆಯನ್ನು ಒಂದು ಪೂರ್ತಿ ಸುತ್ತು ಒಳಗೆ ತಿರುಗಿಸಿ, ತೋಟಾ ಕೂರುವ ಜಾಗವನ್ನು ಅಷ್ಟೇ ಸರಿಪಡಿಸಿ, ಕಚ್ಚನ್ನು ಹೊಸದಾಗಿ ಕಡಿಯುವುದು. ಕೆಟ್ಟ ಭಾಗ ಕಡಿದುಹೋಗುತ್ತದೆ. ದುಪ್ಪಟ್ಟು ಕೆಲಸ, ಆದರೆ ನಳಿಗೆ ಉಳಿಯುತ್ತದೆ. ಅವ್ವ ಚಹಾ ತಂದಳು. ಅವಳ ಕಣ್ಣು ಒದ್ದೆಯಾಗಿದ್ದವು, ಬಾಯಿ ಮಾತ್ರ ತನ್ನ ಕೆಲಸ ಶುರು ಮಾಡಿತ್ತು.

"ಹಂಗಾರ ಟ್ರಂಕಿನ್ಯಾಗ ಸುತ್ತಿಟ್ಟ ನನ್ನ ಸೀರಿ ತಿರುಗಿ ಕೊಡ್ರಿ."

ಎರಡನೆಯ ಸಲ ಕಚ್ಚು ಕಡಿಯುವಾಗ ಅಪ್ಪ ನನ್ನನ್ನು ಬೆಂಚಿನ ಮೇಲೇ ಕೂರಿಸಿಕೊಂಡ. ಕಾನಸು ಅವನ ಕೈಯಲ್ಲಿ, ನೋಟ ನನ್ನದು. ಕಾಡಿಗೆ ಸವರಿ, ಮುಚ್ಚಿ, ತೆಗೆದು ನನ್ನ ಕಡೆ ತಿರುಗಿಸುತ್ತಿದ್ದ. ಎಡಕ್ಕೆ ಕಪ್ಪು, ಎಳ್ಳಿನಷ್ಟು, ಎನ್ನುತ್ತಿದ್ದೆ ನಾನು. ಕಂಡದ್ದನ್ನಷ್ಟೇ ಹೇಳು, ಕಾಣದ್ದನ್ನು ಹೇಳಬೇಡ ಎನ್ನುತ್ತಿದ್ದ ಅವನು. ಮುಗಿದಾಗ ಬೆಳ್ಳಿ ಕಾಗದವನ್ನು ನನ್ನ ಕೈಯಿಂದಲೇ ಇಡಿಸಿದ. ಒಂದು ಪದರ ಆಡಿತು, ಎರಡನೆಯದು ಹಿಡಿಯಿತು. ಸೊಸೆ ಅತ್ತೆಯ ಮಗ್ಗುಲಿಗೆ ಸರಿಯಾಗಿ ಕೂತಿದ್ದಳು. ಸುಬೇದಾರರು ದೀಪಾವಳಿಯ ಹಿಂದಿನ ದಿನ ರೈಫಲ್ಲು ಒಯ್ದರು. ಅದರ ಮರುವಾರವೇ ಅಪ್ಪ ಮಿರಜಿಗೆ ಹೋಗಿ ಕಣ್ಣು ತೋರಿಸಿಕೊಂಡ. ಪೊರೆ ತೆಗೆಸಿ, ದಪ್ಪ ಕನ್ನಡಕ ಹಾಕಿಕೊಂಡು ಇನ್ನೂ ಬಹಳ ವರ್ಷ ಆ ಬೆಂಚಿನ ಮುಂದೆ ಕೂತ. ಕಣ್ಣು ಬಂದಮೇಲೂ ಕೊನೆಯ ನೋಟ ಮಾತ್ರ ನನ್ನದೇ ಎಂಬುದು ಕಾಯಿದೆಯಾಯಿತು. ನಾನು ಪರೀಕ್ಷೆಗೆ ಓದುತ್ತಿದ್ದರೂ ಕರೆಯುತ್ತಿದ್ದ, ನಾನು ಬರುವ ತನಕ ಕೈ ಕಟ್ಟಿ ಕಾಯುತ್ತಿದ್ದ.

ಈಗ ನಾನು ಅಥಣಿಯಲ್ಲಿ ಹಲ್ಲಿನ ಡಾಕ್ಟರು. ಹಲ್ಲಿಗೆ ಹೊಸ ಕ್ಯಾಪು ಕೂರಿಸಿದಾಗ ನಡುವೆ ಬಣ್ಣದ ಕಾಗದ ಇಟ್ಟು "ಕಚ್ಚರಿ" ಎನ್ನುತ್ತೇನೆ. ಬಣ್ಣ ಮೂಡಿದಲ್ಲಿ ಕೂದಲೆಳೆಯಷ್ಟು ತಿಕ್ಕುತ್ತೇನೆ, ಮತ್ತೆ ಕಾಗದ ಇಡುತ್ತೇನೆ. ಕಾಲೇಜಿನಲ್ಲಿ ಇದನ್ನು ಮೊದಲ ಸಲ ಹೇಳಿಕೊಟ್ಟಾಗ ಉಳಿದವರೆಲ್ಲ ಬರೆದುಕೊಳ್ಳುತ್ತಿದ್ದರು. ನನಗೆ ಔಡಲೆಣ್ಣೆಯ ದೀಪದ ವಾಸನೆ ಬಂತು. ಅಳತೆ ನೋಡುವ ಮುಂಚೆ ಒರೆಸುವುದನ್ನು ಅಲ್ಲಿ ಯಾರೂ ನನಗೆ ಕಲಿಸಬೇಕಾಗಲಿಲ್ಲ. ನನ್ನ ಕೈಗೆ ಒಳ್ಳೆಯ ಹೆಸರಿದೆ ಎಂದು ಜನ ಹೇಳುತ್ತಾರೆ. ಆ ಹೆಸರು ಆ ಪಡಸಾಲೆಯದು, ನಾನು ಅದನ್ನು ಹೊತ್ತು ತಿರುಗುತ್ತಿದ್ದೇನೆ ಅಷ್ಟೇ.

ಆ ಕಾಳು ತೂರಿಸಿದ್ದರ ಮರುವರ್ಷದ ಖಂಡೇನವಮಿಗೆ ನಾನು ಬೇಕೆಂದೇ ಪಡಸಾಲೆಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು ಕೊತ್ತಂಬರಿ ಹರಿಯುತ್ತಿದ್ದೆ. ಕಂಬಳಿಯ ಮೇಲೆ ಹತಾರಗಳಿದ್ದವು, ನಡುವೆ ರಾಯಬಾಗದ ಯಾರದೋ ರೈಫಲ್ಲು, ಮಗ್ಗುಲಿಗೆ ಬಿಚ್ಚಿಟ್ಟ ಬೋಲ್ಟು. ಅಪ್ಪ ಅಲ್ಲಿಂದಲೇ ಕರೆದ.

"ಅಕ್ಕವ್ವಾ, ಬಾ ಇಲ್ಲಿ. ಅಕ್ಷತಿ ನೀನ ಹಾಕಬೇಕು."

ಅವ್ವ ಹೌಹಾರಿದಳು. "ಬ್ಯಾಡ್ರಿ! ಹ್ವಾದ ವರ್ಷದ್ದು ಸಾಕಾಗಿಲ್ಲೇನ ನಿಮಗ?"

ಅಪ್ಪ ಬಟ್ಟಲನ್ನು ತಾನೇ ತಂದು ನನ್ನ ಕೈಗಿಟ್ಟ. ಅವನ ಹೆಗಲ ಮೇಲೆ ಅವ್ವನ ಸೀರೆಯ ಹೊಸ ತುಂಡೊಂದು ಮಡಿಚಿ ತಯಾರಾಗಿ ಕೂತಿತ್ತು.

"ಹಾಕ್ಲಿ ಬಿಡು, ಎಲ್ಲಿ ಬೇಕ ಅಲ್ಲಿ ಹಾಕ್ಲಿ," ಎಂದ. "ಒರಸಾಕ ನಾ ಅದೀನಿ."